ಮುಟ್ಟದೆ, ಎತ್ತದೆ, ಕದಲಿಸದೆ: ಬೆಂಗಳೂರಿನ ಕಪ್ಪೆ ಆಮೆಗಳ ಫೋಟೊ ತೆಗೆಯುವ ಬಗೆ

ಕ್ಯಾಮೆರಾ ಹೊರತೆಗೆಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಪಂಚಾಂಗ ನೋಡುವುದು. ನಗಬೇಡಿ. ಏಪ್ರಿಲ್ ಕೊನೆಗೆ ಭರಣಿ ಮಳೆ, ಮೇ ನಡುವಿಗೆ ಕೃತ್ತಿಕೆ, ಆ ತಿಂಗಳು ಮುಗಿಯುವಾಗ ರೋಹಿಣಿ. ಬೆಂಗಳೂರಿನ ಕಪ್ಪೆಗಳ ವರ್ಷ ಶುರುವಾಗುವುದು ಜೂನ್ ತಿಂಗಳ ಮುಂಗಾರಿಗಲ್ಲ, ಈ ಬೇಸಗೆಯ ಗುಡುಗು ಮಳೆಗೆ. ಮಧ್ಯಾಹ್ನ ಧಗೆ ಏರಿ, ಸಂಜೆ ಐದರ ಹೊತ್ತಿಗೆ ಮೋಡ ಕವಿದು, ಏಳರ ತನಕ ಹೊಯ್ದು ನಿಂತ ಮಳೆ ನಮ್ಮ ಪಾಲಿಗೆ ಹಬ್ಬ. ಅಂದು ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮನೆಯಲ್ಲಿ ಕೂತವರಿಗೆ ಮುಂದಿನ ವರ್ಷದವರೆಗೆ ಕಾಣಸಿಗದ ಕೆಲವು ಜೀವಿಗಳಿವೆ. ನೆಲದೊಳಗೆ ಹುದುಗಿ ಒಣ ತಿಂಗಳುಗಳನ್ನು ಕಳೆದ ಕಪ್ಪೆಗಳು ಮೊದಲ ಜೋರು ಮಳೆಗೆ ಒಟ್ಟಿಗೆ ಎದ್ದು ಬಂದು, ಕೂಗಿ, ಜೋಡಿಯಾಗಿ, ಮೊಟ್ಟೆಯಿಟ್ಟು ಮರೆಯಾಗುತ್ತವೆ. ಎರಡನೆಯ ಅವಕಾಶ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನಮ್ಮ ಊರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಸುಮಾರಿಗೆ, ಉತ್ತರೆ ಹಸ್ತೆಗಳ ಹೊತ್ತಿಗೆ. ಆಗ ಗದ್ದಲ ಕಡಿಮೆ, ಆದರೆ ಮರಗಪ್ಪೆಯೂ ಮರಿಗಪ್ಪೆಗಳೂ ಧಾರಾಳ.

ನಾನು ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತನಾದವನು, ವಿದ್ಯಾರಣ್ಯಪುರದ ವಾಸಿ. ಯಂತ್ರದ ಭಾಗವನ್ನು ಇದ್ದ ಅಳತೆಯಲ್ಲಿ, ಇದ್ದ ಆಕಾರದಲ್ಲಿ ಕಾಗದಕ್ಕಿಳಿಸುವುದು ನನ್ನ ಕೆಲಸವಾಗಿತ್ತು. ಚೆನ್ನಾಗಿ ಕಾಣಲಿ ಎಂದು ಒಂದು ಗೆರೆ ಹೆಚ್ಚು ಎಳೆದರೆ ಕೆಳಗೆ ಲೇತ್ ಮೇಲೆ ಕೂತವನ ಇಡೀ ದಿನದ ಕೆಲಸ ಕೆಡುತ್ತಿತ್ತು. ಆ ಹಠ ಕಪ್ಪೆಯ ವಿಷಯದಲ್ಲೂ ಬಿಟ್ಟಿಲ್ಲ. ಕಪ್ಪೆ ತಾನಿರುವಲ್ಲಿ ತನ್ನ ಕೆಲಸ ಮಾಡುತ್ತಿರುವಾಗ ತೆಗೆದದ್ದು ಫೋಟೊ. ಅದನ್ನು ಹಿಡಿದು ತಂದು ದಾಸವಾಳದ ಮೇಲೆ ಕೂರಿಸಿ ತೆಗೆದದ್ದು ನಾಟಕ. ಎಲೆಯನ್ನು ಕೊಡೆಯಾಗಿ ಹಿಡಿದು ನಿಂತ ಕಪ್ಪೆ, ತಲೆಯ ಮೇಲೆ ಬಸವನಹುಳು ಹೊತ್ತ ಕಪ್ಪೆ, ಬೆನ್ನ ಮೇಲೆ ಸಾಲಾಗಿ ಗೆಳೆಯರನ್ನು ಹೊತ್ತ ಆಮೆ: ಇಂಥ ಚಿತ್ರಗಳು ಬೆಳಿಗ್ಗೆಯ ಶುಭೋದಯದ ಸಂದೇಶಗಳ ಜೊತೆ ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಇಂಥವುಗಳಲ್ಲಿ ಬಹುಪಾಲು ಸಾಕಿದ ಪ್ರಾಣಿಗಳನ್ನು ಮೇಜಿನ ಮೇಲೆ ಇಟ್ಟು, ಕೆಲವೊಮ್ಮೆ ದಾರ ಕಟ್ಟಿ, ದಣಿಸಿ ತೆಗೆದವು. ಅವನ್ನು ಮಾದರಿಯಾಗಿ ಇಟ್ಟುಕೊಂಡರೆ ಮುಂದೆ ಹೇಳುವುದು ಯಾವುದೂ ಉಪಯೋಗಕ್ಕೆ ಬಾರದು.

ಎಲ್ಲಿ ಹುಡುಕುವುದು

ಆಗುಂಬೆಗೆ ಬಸ್ ಹಿಡಿಯುವ ಮೊದಲು ಮನೆಯ ಬಚ್ಚಲಲ್ಲಿ ನೋಡಿ. ಕಮೋಡಿನ ಹಿಂದೆಯೋ ಗೀಸರಿನ ಮೇಲೋ ಕೈಕಾಲು ಮಡಚಿ ಗೋಡೆಗೆ ಅಂಟಿಕೊಂಡು ಹಗಲು ಕಳೆಯುವ ಮರಗಪ್ಪೆ ನಗರದ ಅಂಚಿನ ಬಡಾವಣೆಗಳಲ್ಲಿ ಅಪರೂಪವಲ್ಲ. ಬೆರಳ ತುದಿಯ ಅಗಲ ಬಿಲ್ಲೆಗಳಿಂದ ಅದನ್ನು ಗುರುತಿಸಬಹುದು. ಆಮೇಲೆ ಹೂಕುಂಡಗಳ ಅಡಿ, ನೀರಿನ ಮೀಟರಿನ ಗುಂಡಿ, ಸಂಪಿನ ಮುಚ್ಚಳದ ಸಂದು. ಬೀದಿದೀಪದ ಕಂಬದ ಬುಡವನ್ನಂತೂ ಬಿಡಲೇಬೇಡಿ. ದೀಪಕ್ಕೆ ಮುತ್ತಿ ಬಿದ್ದ ಹುಳುಗಳನ್ನು ಆರಿಸಿ ತಿನ್ನಲು ನೆಲಗಪ್ಪೆಗಳು ಅಲ್ಲಿ ಕಾದು ಕೂತಿರುತ್ತವೆ. ಬೇಟೆಯಾಡುವ ಕಪ್ಪೆಯ ಫೋಟೊ ತೆಗೆಯಲು ಇದಕ್ಕಿಂತ ಸಲೀಸಾದ ಜಾಗ ಇಲ್ಲ.

ಇವೆಲ್ಲಕ್ಕಿಂತ ಮಿಗಿಲಾದದ್ದು ಖಾಲಿ ಸೈಟು. ಪಾಯಕ್ಕೆ ಅಗೆದು ಹಾಗೇ ಬಿಟ್ಟ ಗುಂಡಿಯಲ್ಲಿ ಮಳೆನೀರು ನಿಂತು, ಸುತ್ತ ಹುಲ್ಲೂ ಪಾರ್ಥೇನಿಯಮ್ಮೂ ಬೆಳೆದಿದ್ದರೆ ಸಾಕು. ಅಂಥ ಗುಂಡಿಯಲ್ಲಿ ಮೀನು ಇರುವುದಿಲ್ಲ, ಆದ್ದರಿಂದ ಮೊಟ್ಟೆಗೂ ಗೊದಮೊಟ್ಟೆಗೂ ಅಪಾಯ ಕಡಿಮೆ. ಕಪ್ಪೆಗಳಿಗೆ ದೊಡ್ಡ ಕೆರೆಗಿಂತ ಇದೇ ಇಷ್ಟ. ಯಲಹಂಕ, ಜಕ್ಕೂರು, ಹೆಸರಘಟ್ಟ, ಕನಕಪುರ ರಸ್ತೆಯ ತುರಹಳ್ಳಿ ಕಡೆ, ಸರ್ಜಾಪುರ ರಸ್ತೆಯ ಒಳಭಾಗ, ಎಲ್ಲಿ ಇನ್ನೂ ಮಣ್ಣು ಉಳಿದಿದೆಯೋ ಅಲ್ಲೆಲ್ಲ ಹುಡುಕಬಹುದು. 2020ರಲ್ಲಿ ವಿಜ್ಞಾನಿಗಳು ಹೊಸದೆಂದು ವಿವರಿಸಿದ ನೆಲ ಕೊರೆಯುವ ಕಪ್ಪೆಯೊಂದಕ್ಕೆ ‘ಸ್ಫೆರೋಥೀಕಾ ಬೆಂಗಳೂರು’ ಎಂದೇ ಹೆಸರಿಟ್ಟಿದ್ದಾರೆ. ಅದು ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ಇದೇ ಊರಿನ ಹೊರವಲಯದ ಬಯಲಿನಲ್ಲಿ. ನಾವು ‘ಖಾಲಿ’ ಎಂದು ಕರೆದುಬಿಡುವಂಥ ಜಾಗ ಅದು.

ಹಗಲಿನಲ್ಲಿ ಒಮ್ಮೆ ಹೋಗಿ ಜಾಗ ನೋಡಿಕೊಂಡು ಬನ್ನಿ. ಗಾಜಿನ ಚೂರು, ತೆರೆದ ಬೋರ್‌ವೆಲ್, ಕಬ್ಬಿಣದ ಸರಳು ಎಲ್ಲಿವೆ ಎಂದು ಗೊತ್ತಿರಬೇಕು. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಬಿಡಿ. ರಾತ್ರಿ ಟಾರ್ಚ್ ಹಿಡಿದು ಸೈಟಿನಲ್ಲಿ ಬೋರಲು ಮಲಗಿದವನನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಪೊಲೀಸರ ಗಸ್ತಿನ ಹೊಯ್ಸಳ ವಾಹನ ನಿಂತರೆ ಗಾಬರಿ ಬೇಡ, ಕ್ಯಾಮೆರಾದ ಪರದೆಯಲ್ಲಿ ಕಪ್ಪೆ ತೋರಿಸಿ. ಮಾತು ತಾನಾಗಿಯೇ ಅವರ ಊರಿನ ಕೆರೆಯ ಕಡೆ ಹೊರಳುತ್ತದೆ. ರಾಜಕಾಲುವೆಗೆ ಮಾತ್ರ ಮಳೆಯ ದಿನ ಇಳಿಯಲೇಬಾರದು. ಮೇಲಿನ ಬಡಾವಣೆಯಲ್ಲಿ ಸುರಿದ ನೀರು ಇಲ್ಲಿಗೆ ಬರಲು ನಿಮಿಷಗಳು ಸಾಕು, ಅಲ್ಲಿಂದ ಮೇಲೆ ಹತ್ತಲು ಮೆಟ್ಟಿಲಿರುವುದಿಲ್ಲ.

ಮೊದಲು ಕಿವಿ, ಆಮೇಲೆ ಕಣ್ಣು

ಸೈಟಿನ ಅಂಚಿಗೆ ಬಂದೊಡನೆ ಟಾರ್ಚ್ ಆರಿಸಿ ನಿಂತುಬಿಡಿ. ನಿಮ್ಮ ಹೆಜ್ಜೆಗೆ ಎಲ್ಲ ಕೂಗೂ ನಿಂತಿರುತ್ತದೆ. ಕಾಯುತ್ತಿದ್ದರೆ ಎಲ್ಲೋ ಒಂದು ಧೈರ್ಯ ಮಾಡಿ ಶುರು ಮಾಡುತ್ತದೆ, ಅದರ ಹಿಂದೆ ಉಳಿದವು. ಮೊಬೈಲಿನಲ್ಲಿ ಆ ಧ್ವನಿಯನ್ನು ಅರ್ಧ ನಿಮಿಷ ದಾಖಲಿಸಿಕೊಳ್ಳಿ. ಒಂದನ್ನೊಂದು ಹೋಲುವ ಸಣ್ಣ ಕಪ್ಪೆಗಳನ್ನು ಫೋಟೊ ನೋಡಿ ಹೇಳಲಾಗದಿದ್ದಾಗ ತಜ್ಞರು ಕೇಳುವುದು ಈ ಧ್ವನಿಯನ್ನೇ. ಕೂಗುವುದು ಸಾಮಾನ್ಯವಾಗಿ ಗಂಡು, ಆದ್ದರಿಂದ ಧ್ವನಿಯ ಜಾಡು ಹಿಡಿದು ಹೋದವರಿಗೆ ಗಂಟಲು ಉಬ್ಬಿಸಿದ ಗಂಡು ಸಿಗುತ್ತದೆ. ಹೆಣ್ಣು ಬೇಕಾದರೆ ಗುಂಡಿಯ ಕಡೆ ಸದ್ದಿಲ್ಲದೆ ಕುಪ್ಪಳಿಸಿ ಬರುತ್ತಿರುವ ದಪ್ಪ ಹೊಟ್ಟೆಯದನ್ನು ನೋಡಬೇಕು.

ಕಿವಿಗಡಚಿಕ್ಕುವ ‘ಕರ್‌ರ್‌ರ್’ ಕೇಳಿ ದೊಡ್ಡದೇನೋ ಇದೆ ಎಂದು ಹುಡುಕುತ್ತೀರಿ, ಸಿಗುವುದು ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ಅಷ್ಟೇನೂ ದೊಡ್ಡದಲ್ಲದ ಮೈಕ್ರೊಹೈಲಾ. ಕಿರಿದಾದ ಬಾಯಿ, ಚೂಪು ಮೂತಿ, ಬೆನ್ನಿನ ಮೇಲೆ ಕಂದು ಚಿತ್ತಾರ. ಹುಲ್ಲಿನ ಬುಡದಲ್ಲಿ ಅರ್ಧ ನೀರಲ್ಲಿ ಕೂತು ಕೂಗುವ ಇದನ್ನು ಪತ್ತೆ ಹಚ್ಚುವುದೇ ಕಷ್ಟ. ಇಬ್ಬರಿದ್ದರೆ ಎರಡು ದಿಕ್ಕಿನಿಂದ ಧ್ವನಿಯ ಕಡೆ ಬೆರಳು ತೋರಿಸಿ, ಎರಡು ಗೆರೆ ಸೇರುವಲ್ಲಿ ನೋಡಿ. ನಕ್ಷೆ ಬರೆಯುವವನಿಗೆ ಹೊಳೆಯುವ ಉಪಾಯ, ಆದರೆ ಯಾರು ಮಾಡಿದರೂ ಕೆಲಸ ಮಾಡುತ್ತದೆ.

ನಿಧಾನವಾದ ‘ಟಕ್… ಟಕ್’ ತಲೆಯ ಎತ್ತರದಿಂದ ಬಂದರೆ ಅದು ಮರಗಪ್ಪೆ. ಅದು ನೀರಿನ ಮೇಲೆ ಬಾಗಿದ ಕೊಂಬೆಗೋ ಸಂಪಿನ ಗೋಡೆಗೋ ನೊರೆಯ ಗೂಡು ಕಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ನೊರೆಯ ಹೊರಮೈ ಒಣಗಿ ಕಂದಾಗುತ್ತದೆ, ಒಳಗೆ ತೇವ ಉಳಿಯುತ್ತದೆ, ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಒಂದೇ ಕೋನದಿಂದ ದಿನಕ್ಕೊಂದರಂತೆ ಗೂಡಿನ ಫೋಟೊ ತೆಗೆಯಿರಿ. ಒಂದೇ ಒಂದು ‘ಅದ್ಭುತ’ ಚಿತ್ರಕ್ಕಿಂತ ಈ ಸರಣಿಗೆ ಬೆಲೆ ಹೆಚ್ಚು, ಕಷ್ಟವೂ ಕಡಿಮೆ, ಏಕೆಂದರೆ ಗೂಡು ಓಡಿಹೋಗುವುದಿಲ್ಲ.

ಮೊದಲ ಮಳೆಯ ಮಾರನೆಯ ಬೆಳಿಗ್ಗೆ ಹೊಲದ ನೀರಿನಲ್ಲಿ ಅಚ್ಚ ಹಳದಿ ಬಣ್ಣ ಕಂಡರೆ ಬೇರೆಲ್ಲ ಬಿಟ್ಟು ಅಲ್ಲಿಗೆ ಹೋಗಿ. ಗೋಂಕರುಕಪ್ಪೆ ಎಂದು ನಾವು ಕರೆಯುವ ದೊಡ್ಡ ಕಪ್ಪೆ ಅದು, ನಮ್ಮ ದೇಶದ ದೊಡ್ಡ ಕಪ್ಪೆಗಳಲ್ಲೊಂದು. ವರ್ಷವಿಡೀ ಪಾಚಿ ಹಸಿರು ಬಣ್ಣದಲ್ಲಿರುವ ಗಂಡು, ಜೋಡಿಯಾಗುವ ಕಾಲಕ್ಕೆ ಮಾತ್ರ ಹಳದಿಯಾಗುತ್ತದೆ, ಗಂಟಲಿನ ಎರಡು ಬದಿಗೆ ನೀಲಿ ಚೀಲಗಳು ಉಬ್ಬುತ್ತವೆ. ಈ ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ. ಇವು ಹಗಲಲ್ಲೇ ಕೂಗಿ ಕಾದಾಡುವುದರಿಂದ ಫ್ಲ್ಯಾಷ್ ಬೇಡ. ಆದರೆ ಆ ಹಳದಿ ಕ್ಯಾಮೆರಾವನ್ನು ಮೋಸಗೊಳಿಸುತ್ತದೆ. ಸುತ್ತಲಿನ ಕೆಸರು ಕಪ್ಪಗಿರುವುದರಿಂದ ಕ್ಯಾಮೆರಾ ಬೆಳಕು ಹೆಚ್ಚು ಕೊಡುತ್ತದೆ, ಹಳದಿ ಸುಟ್ಟು ಚರ್ಮದ ಗೆರೆಗಳೆಲ್ಲ ಅಳಿಸುತ್ತವೆ. ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ.

ಉಪೆರೊಡಾನ್ ಗುಂಪಿನ ದುಂಡು ಕಪ್ಪೆಗಳಿಗಾಗಿ ನಾನು ಇಡೀ ಬೇಸಗೆ ಕಾಯುತ್ತೇನೆ. ಬೆನ್ನ ಮೇಲೆ ಇಟ್ಟಿಗೆ ಕೆಂಪಿನ ಪಟ್ಟೆಯಿರುವುದೊಂದು, ಅಮೃತಶಿಲೆಯ ಮಚ್ಚೆಗಳಿರುವುದೊಂದು. ಮೊದಲ ದೊಡ್ಡ ಮಳೆಗೆ ಮೇಲೆ ಬಂದು, ನೀರಿನ ಮೇಲೆ ಮೈಯುಬ್ಬಿಸಿ ತೇಲುತ್ತಾ ಕೂಗುತ್ತವೆ. ಪ್ರತಿ ಕೂಗಿಗೂ ಸುತ್ತ ನೀರಿನಲ್ಲಿ ಅಲೆ ಏಳುತ್ತದೆ, ಕೂಗಿನ ರಭಸಕ್ಕೆ ಕಪ್ಪೆಯೇ ಹಿಂದಕ್ಕೆ ಸರಿಯುತ್ತದೆ. ಆ ಅಲೆಗಳು ಚಿತ್ರದಲ್ಲಿ ಬರಬೇಕಾದರೆ ಕ್ಯಾಮೆರಾ ನೀರಿನಿಂದ ಒಂದು ಗೇಣು ಮೇಲಿರಬೇಕು, ಇನ್ನೂ ಕೆಳಗಿಳಿದರೆ ಅಲೆ ಗೆರೆಯಾಗಿಬಿಡುತ್ತದೆ.

ಕೆರೆಗಳಲ್ಲಿ, ಕಲ್ಯಾಣಿಗಳಲ್ಲಿ ವರ್ಷವಿಡೀ ಸಿಗುವ ಇನ್ನೊಂದು ಕಪ್ಪೆ ಇದೆ. ಕಣ್ಣು ಮಾತ್ರ ಹೊರಗಿಟ್ಟು ತೇಲುತ್ತಿರುತ್ತದೆ. ಬೆದರಿದರೆ ಹುಡುಗರು ಬೀಸಿದ ಚಪ್ಪಟೆ ಕಲ್ಲಿನ ಹಾಗೆ ನೀರಿನ ಮೇಲೆಯೇ ಪುಟಿಯುತ್ತಾ ಓಡುತ್ತದೆ. ಕ್ಯಾಮೆರಾ ಕಲಿಯುವವರಿಗೆ ಇದೇ ಸರಿಯಾದ ಗುರು. ನೆರಳು ಅದರ ಮೇಲೆ ಬೀಳದಂತೆ ದಡದಲ್ಲಿ ಕೂತು, ಅಲುಗದೆ ಕಾದರೆ ಮುಳುಗಿದ್ದು ಮತ್ತೆ ಮೇಲೆ ಬರುತ್ತದೆ. ಕಪ್ಪೆಯ ಕಣ್ಣು ಮೊದಲು ಹಿಡಿಯುವುದು ಚಲನೆಯನ್ನು. ನೀವು ಕಲ್ಲಾದರೆ ಅದು ನಿಮ್ಮನ್ನು ಕಲ್ಲೆಂದೇ ಭಾವಿಸುತ್ತದೆ.

ಬೆಳಕು

ರಾತ್ರಿ ಕಪ್ಪೆ ಚಿತ್ರಗಳು ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಷ್ ಒದ್ದೆ ಚರ್ಮಕ್ಕೆ ನೇರ ಬಡಿಯುವುದರಿಂದ. ಮೈಯೆಲ್ಲ ಬಿಳಿ ಚುಕ್ಕೆ, ಕಣ್ಣಿನಲ್ಲಿ ಸೂಜಿಮೊನೆಯಷ್ಟು ಬೆಳಕು, ಹಿಂದೆ ಕಡುಕತ್ತಲೆ. ಬೆಳಕಿನ ಮೂಲ ಕಪ್ಪೆಗೆ ದೊಡ್ಡದಾಗಿ ಕಾಣಬೇಕು, ಹತ್ತಿರ ಇರಬೇಕು, ಪಕ್ಕದಿಂದ ಬರಬೇಕು. ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಡಿಫ್ಯೂಸರ್ (ಫ್ಲ್ಯಾಷಿನ ಬೆಳಕನ್ನು ಹರಡಿ ಮೆದುವಾಗಿಸುವ ಮುಸುಕು) ಕೊಳ್ಳಬೇಕಿಲ್ಲ. ನಾನು ಹಳೆಯ ಟ್ರೇಸಿಂಗ್ ಹಾಳೆ ಎರಡು ಪದರ, ಥರ್ಮೊಕೋಲ್ ತಟ್ಟೆಯ ಚೌಕಟ್ಟು, ಒಳಗೆ ಚಿಪ್ಸ್ ಪೊಟ್ಟಣದ ಹೊಳಪಿನ ಮೈ ಬಳಸಿ ಮಾಡಿಕೊಂಡದ್ದನ್ನೇ ಬಳಸುತ್ತೇನೆ. ಟ್ರೇಸಿಂಗ್ ಹಾಳೆ ಸಿಗದಿದ್ದರೆ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಒಳಮೈ ಕೂಡ ಸಾಲುತ್ತದೆ. ಮಳೆಗೆ ನೆನೆದರೂ ಹಾಳಾಗದಿರುವುದು ಅದರ ಹೆಚ್ಚುಗಾರಿಕೆ.

ಅಂಕಿಗಳನ್ನು ಕೇಳುವವರಿಗಾಗಿ: ಮ್ಯಾನುಯಲ್ ಮೋಡ್, ಷಟರ್ ಸೆಕೆಂಡಿನ 1/200 ಭಾಗ, ಅಪರ್ಚರ್ (ಲೆನ್ಸಿನ ಕಂಡಿ) ಎಫ್ 8ರಿಂದ ಎಫ್ 11, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 200ರಿಂದ 400, ಫ್ಲ್ಯಾಷಿನ ಶಕ್ತಿ 1/16ರಿಂದ ಶುರುಮಾಡಿ ನೋಡಿಕೊಂಡು ಇಳಿಸಿ. ಸಣ್ಣದನ್ನು ದೊಡ್ಡದಾಗಿ ತೆಗೆಯುವ, 90ರಿಂದ 105 ಮಿಲಿಮೀಟರಿನ ಮ್ಯಾಕ್ರೊ ಲೆನ್ಸ್ ಇದ್ದರೆ ಕಪ್ಪೆಗೆ ತೀರ ಹತ್ತಿರ ಹೋಗಬೇಕಿಲ್ಲ. ಇಷ್ಟರಲ್ಲಿ ಚಿತ್ರ ಸ್ಪಷ್ಟವಾಗಿ ಬರುತ್ತದೆ, ಆದರೆ ಹಿನ್ನೆಲೆ ಕಪ್ಪಾಗಿರುತ್ತದೆ. ಕಪ್ಪೆಯ ಹಿಂದೆ ಒಂದೆರಡು ಗೇಣಿನೊಳಗೆ ಎಲೆಯೋ ಹುಲ್ಲೋ ಬರುವಂತೆ ನೀವು ಸರಿದು ಕೋನ ಹುಡುಕಿ. ಕಪ್ಪೆಯನ್ನು ಸರಿಸಬೇಡಿ. ಬೀದಿದೀಪದ ಬೆಳಕನ್ನೂ ಒಳಗೆ ಬಿಟ್ಟುಕೊಳ್ಳಬೇಕೆಂದರೆ ಷಟರ್ 1/30ಕ್ಕೆ, ಐಎಸ್‌ಒ 1600ಕ್ಕೆ ತಂದು ಫ್ಲ್ಯಾಷನ್ನು ಇನ್ನಷ್ಟು ತಗ್ಗಿಸಿ. ಆಗ ಹಿಂದಿನ ಕಾಂಪೌಂಡ್ ಗೋಡೆ, ನಿಲ್ಲಿಸಿದ ಆಟೊ, ಬಾಲ್ಕನಿಯ ದೀಪ ಮಸುಕಾಗಿ ಮೂಡುತ್ತವೆ. ನನಗೆ ಕಪ್ಪು ಹಿನ್ನೆಲೆಯ ಚಿತ್ರಕ್ಕಿಂತ ಇದು ಇಷ್ಟ. ಈ ಕಪ್ಪೆ ಬೆಂಗಳೂರಿನದು ಎಂದು ಆ ಆಟೊ ಹೇಳುತ್ತದೆ.

ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿನ ಮೇಲೆ. ಕತ್ತಲಲ್ಲಿ ಆಟೊಫೋಕಸ್ ಹಿಂದೆ ಮುಂದೆ ಅಲೆಯುತ್ತದೆ. ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿ, ದೂರ ನಿಗದಿ ಮಾಡಿಕೊಂಡು, ನಿಮ್ಮ ಮೈಯನ್ನೇ ಅಂಗುಲ ಅಂಗುಲ ಮುಂದೆ ತಂದು ಕಣ್ಣು ಸ್ಪಷ್ಟವಾದಾಗ ಒತ್ತಿ. ಪಕ್ಕದಿಂದ ತೆಗೆಯುವಾಗ ಕ್ಯಾಮೆರಾದ ಹಿಂಬದಿ ಕಪ್ಪೆಯ ಬೆನ್ನೆಲುಬಿಗೆ ಸಮಾಂತರವಾಗಿರಲಿ, ಮೂತಿಯಿಂದ ಹಿಂಗಾಲಿನವರೆಗೆ ಎಲ್ಲವೂ ಸ್ಫುಟವಾಗುತ್ತದೆ. ಕೂಗುವ ಕಪ್ಪೆಯಾದರೆ ಮೊದಲು ಅದರ ಲಯ ಕೇಳಿಸಿಕೊಳ್ಳಿ. ಗಂಟಲು ಪೂರ್ತಿ ಉಬ್ಬಿದ್ದು ಕಂಡ ಮೇಲೆ ಒತ್ತಿದರೆ ತಡವಾಗಿರುತ್ತದೆ, ಉಬ್ಬಲು ಶುರುವಾಗುವಾಗಲೇ ಒತ್ತಬೇಕು. ಮತ್ತು ಕೆಳಗಿಳಿಯಿರಿ. ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಕಪ್ಪೆ ಒಂದು ಹೆಂಟೆಯಾಗಿ ಕಾಣುತ್ತದೆ. ಹಳೆಯ ಯೋಗ ಚಾಪೆಯನ್ನು ಅರ್ಧ ಕತ್ತರಿಸಿ ಅದರ ಕೆಳಗೆ ಗೊಬ್ಬರದ ಚೀಲ ಹಾಸಿದರೆ ಕೆಸರಿನಲ್ಲೂ ಮೊಣಕೈ ಊರಿ ಮಲಗಬಹುದು. ನನ್ನ ವಯಸ್ಸಿನವರಿಗೆ ಒಂದು ಮಾತು: ಮಲಗುವುದು ಕಷ್ಟವಲ್ಲ, ಏಳುವುದು ಕಷ್ಟ. ಪಕ್ಕದಲ್ಲಿ ಹಿಡಿದುಕೊಳ್ಳಲು ಏನಾದರೂ ಇರುವ ಜಾಗ ನೋಡಿ ಮಲಗಿ.

ಕತ್ತಲಿಗೆ ಹೊಂದಿಕೊಂಡ ಕಪ್ಪೆಯ ಕಣ್ಣು ಜೋರು ಬೆಳಕು ಬಿದ್ದ ಮೇಲೆ ಮತ್ತೆ ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಟಾರ್ಚನ್ನು ನೇರ ಮುಖಕ್ಕೆ ಹಿಡಿಯದೆ ಪಕ್ಕದ ನೆಲಕ್ಕೆ ಬಿಡಿ, ಚದುರಿದ ಬೆಳಕು ಫೋಕಸಿಗೆ ಸಾಕು. ನಾಲ್ಕೈದು ಚಿತ್ರ ತೆಗೆದು ಮುಂದಕ್ಕೆ ನಡೆಯಿರಿ. ಕೂಗುತ್ತಿದ್ದ ಗಂಡು ಕೂಗು ನಿಲ್ಲಿಸಿ, ನೀವು ಬೆಳಕು ಆರಿಸಿದ ಮೇಲೂ ಶುರು ಮಾಡದಿದ್ದರೆ ನೀವು ಅದರ ರಾತ್ರಿಯನ್ನು ಕೆಡಿಸುತ್ತಿದ್ದೀರಿ, ಎದ್ದುಹೋಗಿ.

ಗೊದಮೊಟ್ಟೆಗಳ ಚಿತ್ರಕ್ಕೆ ಅವನ್ನು ಗಾಜಿನ ಲೋಟಕ್ಕೆ ತುಂಬುವವರನ್ನು ನೋಡಿದ್ದೇನೆ. ಅಗತ್ಯವೇ ಇಲ್ಲ. ಹಗಲಿನಲ್ಲಿ ಗುಂಡಿಯ ಮೇಲೆ ಕಪ್ಪು ಕೊಡೆ ಬಿಚ್ಚಿ ಹಿಡಿಯಿರಿ. ನೀರಿನಲ್ಲಿ ಪ್ರತಿಫಲಿಸುವ ಆಕಾಶ ಮಾಯವಾಗಿ ತಳದವರೆಗೆ ಕಾಣುತ್ತದೆ. ನೆಲಗಪ್ಪೆಯ ಮೊಟ್ಟೆಗಳ ಉದ್ದ ಸರಗಳೂ ಹೀಗೇ ಸಿಗುತ್ತವೆ.

ಮೊಬೈಲ್ ಮಾತ್ರ ಇದ್ದರೆ

ಮೊಬೈಲನ್ನು ತಲೆಕೆಳಗಾಗಿ ಹಿಡಿಯಿರಿ, ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗೆ ಬರುತ್ತದೆ. ದೊಡ್ಡ ಕ್ಯಾಮೆರಾಗಳಿಗೆ ಈ ಸೌಲಭ್ಯ ಇಲ್ಲ. ಅಗಲ ಲೆನ್ಸಿನಲ್ಲಿ ಮೂಗಿಗೆ ಮೂಗು ತಾಗಿಸುವ ಬದಲು ಎರಡು ಮೂರು ಪಟ್ಟು ಜೂಮ್ ಇರುವ ಲೆನ್ಸ್ ಬಳಸಿ. ಕಣ್ಣಿನ ಮೇಲೆ ಬೆರಳು ಒತ್ತಿಹಿಡಿದು ಫೋಕಸ್ ಮತ್ತು ಬೆಳಕನ್ನು ಬಿಗಿ ಮಾಡಿ. ಮೊಬೈಲಿನ ಫ್ಲ್ಯಾಷ್ ಬೇಡ. ಜೊತೆಗಿರುವವರು ಪಕ್ಕದಿಂದ ಟಾರ್ಚಿಗೆ ಟಿಶ್ಯೂ ಸುತ್ತಿ ಹಿಡಿಯಲಿ. ಅಲುಗದೆ ಕೂತ ನೆಲಗಪ್ಪೆಗೆ ನೈಟ್ ಮೋಡ್ ಚೆನ್ನಾಗಿ ಹೊಂದುತ್ತದೆ.

ಆಮೆಗೆ ಬೇರೆಯದೇ ಲೆಕ್ಕ

ಕಪ್ಪೆ ರಾತ್ರಿಯದು, ಮಳೆಯದು. ಆಮೆ ಬೆಳಗಿನದು, ಬಿಸಿಲಿನದು. ಡಿಸೆಂಬರಿನಿಂದ ಫೆಬ್ರುವರಿವರೆಗೆ, ಕೆರೆಯ ನೀರು ತಣ್ಣಗಿರುವ ದಿನಗಳಲ್ಲಿ, ಬಿಸಿಲು ಏರಿದ ಮೇಲೆ ಮೈ ಕಾಯಿಸಲು ಕಲ್ಲಿನ ಮೇಲೋ ಬಿದ್ದ ಮರದ ಮೇಲೋ ಹತ್ತುತ್ತದೆ. ಅದು ಹತ್ತಿದ ಮೇಲೆ ನೀವು ಹತ್ತಿರ ಹೋಗುತ್ತೇನೆಂದರೆ ಆಗದ ಮಾತು, ಕಾಲಸಪ್ಪಳಕ್ಕೇ ನೀರಿಗೆ ಜಾರುತ್ತದೆ. ಅದಕ್ಕಿಂತ ಮೊದಲೇ ಹೋಗಿ ಏರಿಯ ಮೇಲೆ ಮರದ ನೆರಳಿನಲ್ಲಿ ಕೂತಿರಬೇಕು. ಸೂರ್ಯ ನಿಮ್ಮ ಬೆನ್ನಿಗಿರಲಿ. 300 ಮಿಲಿಮೀಟರಿಗಿಂತ ಕಡಿಮೆ ಲೆನ್ಸ್ ಸಾಲದು, 400 ಇದ್ದರೆ ನಿರಾಳ. ಲೆನ್ಸಿನ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿ ತಿರುಗಿಸಿದರೆ ನೀರಿನ ಥಳಕೂ ಒದ್ದೆ ಚಿಪ್ಪಿನ ಹೊಳಪೂ ತಗ್ಗಿ ಚಿಪ್ಪಿನ ನಿಜ ಬಣ್ಣ ಹೊರಬರುತ್ತದೆ, ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಐಎಸ್‌ಒ ಏರಿಸಿಕೊಳ್ಳಿ. ಬೆಳಗಿನ ನಡಿಗೆಯವರು ದಿನವೂ ಸುತ್ತುವ ಕೆರೆಗಳಲ್ಲಿ ಆಮೆಗಳು ಜನರಿಗೆ ಸ್ವಲ್ಪ ಒಗ್ಗಿರುತ್ತವೆ. ಅವು ನಡೆಯುವವರಿಗೆ ಹೆದರುವುದಿಲ್ಲ, ನಡೆಯುತ್ತಿದ್ದವರು ನಿಂತರೆ ಹೆದರುತ್ತವೆ.

ಯಾವ ಆಮೆ ಎಂದು ತಿಳಿಯಲು ತಲೆಯ ಪಕ್ಕ ನೋಡಿ. ಕಣ್ಣಿನ ಹಿಂದೆ ಕೆಂಪು ಪಟ್ಟಿ, ಕತ್ತಿನಲ್ಲಿ ಹಳದಿ ಗೆರೆಗಳಿದ್ದರೆ ಅದು ಅಮೆರಿಕ ಮೂಲದ ಕೆಂಪುಗಿವಿಯ ಸ್ಲೈಡರ್. ಅಂಗಡಿಗಳಲ್ಲಿ ನಾಣ್ಯದಷ್ಟು ಪುಟ್ಟ ಹಸಿರು ಮರಿಯಾಗಿ ಮಾರಾಟವಾಗಿ, ತಟ್ಟೆಯಷ್ಟು ಬೆಳೆದ ಮೇಲೆ ಮನೆಯವರಿಗೆ ಬೇಡವಾಗಿ ಕೆರೆಗೆ ಬಂದದ್ದು. ಪುಣ್ಯ ಬರುತ್ತದೆಂದು ಬಿಟ್ಟವರಿಗೆ ಗೊತ್ತಿಲ್ಲದ್ದು, ಅದು ನಮ್ಮ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಕಲ್ಲಿಗೂ ಪಾಲುದಾರನಾಗುತ್ತದೆ ಎಂಬುದು. ನಮ್ಮದೇ ಆದ ಕರಿ ಆಮೆಯ ಗಟ್ಟಿ ಚಿಪ್ಪಿನ ಮೇಲೆ ಉದ್ದಕ್ಕೆ ಮೂರು ಏಣುಗಳಿರುತ್ತವೆ. ಇನ್ನೊಂದು ಮೆದುಚಿಪ್ಪಿನ ಆಮೆ, ಹಿಂಗಾಲುಗಳನ್ನು ಒಳಗೆಳೆದುಕೊಂಡು ಹೊಟ್ಟೆಯ ಕಡೆಯ ಚರ್ಮದ ಮಡಿಕೆಯಿಂದ ಮುಚ್ಚಿಕೊಳ್ಳುತ್ತದೆ. ಬಹಳ ಸಲ ಅದರ ಮೂಗಿನ ತುದಿ ಮಾತ್ರ ನೀರಿನಿಂದ ಹೊರಗಿರುತ್ತದೆ. ಆ ಮೂಗಿನ ಚಿತ್ರವನ್ನೂ ತೆಗೆಯಿರಿ, ಆ ಆಮೆಯ ಬದುಕು ಇರುವುದೇ ಹಾಗೆ. ಬೇಸಗೆಯಲ್ಲಿ ಕೆರೆ ಬತ್ತಿದರೆ ಅದು ಕೆಸರಿನಲ್ಲಿ ಹುದುಗುತ್ತದೆ, ಮಳೆ ಬಂದಾಗ ಎದ್ದು ರಸ್ತೆ ದಾಟುತ್ತದೆ.

ರಸ್ತೆಯಲ್ಲಿ ಆಮೆ ಸಿಕ್ಕರೆ ‘ಮುಟ್ಟಬೇಡಿ’ ಎಂಬ ನನ್ನ ನಿಯಮಕ್ಕೆ ರಜೆ. ಚಿಪ್ಪಿನ ಎರಡು ಬದಿ ಹಿಡಿದು, ಅದು ಹೋಗುತ್ತಿದ್ದ ದಿಕ್ಕಿನಲ್ಲೇ ಆಚೆ ಬದಿಗೆ ಬಿಡಿ. ಹಿಂದಕ್ಕೆ ತಂದು ಬಿಟ್ಟರೆ ಮತ್ತೆ ದಾಟಲು ಹೊರಡುತ್ತದೆ. ಕೋಲಾರದ ಕಡೆಯ ಒಣ ಕುರುಚಲು ಪ್ರದೇಶಗಳಲ್ಲಿ ಸಿಗುವ ನಕ್ಷತ್ರ ಆಮೆಯನ್ನು ಮಾತ್ರ ಯಾವ ಕಾರಣಕ್ಕೂ ಕೆರೆಗೆ ಬಿಡಬಾರದು. ಅದು ನೆಲದ ಪ್ರಾಣಿ, ನೀರಿನಲ್ಲಿ ಮುಳುಗಿ ಸಾಯುತ್ತದೆ. ಚಿತ್ರಕ್ಕಾಗಿ ಎತ್ತುವುದೂ ಬೇಡ: ಹೆದರಿದ ಆಮೆ ಮೂತ್ರ ಬಿಡುತ್ತದೆ, ಬೇಸಗೆಯಲ್ಲಿ ಅದು ಮೈಯಲ್ಲಿ ಕೂಡಿಟ್ಟುಕೊಂಡ ನೀರು. ಮೆದುಚಿಪ್ಪಿನ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. 2022ರ ತಿದ್ದುಪಡಿಯಿಂದ ನಕ್ಷತ್ರ ಆಮೆಯೂ ಅದೇ ಅನುಸೂಚಿಗೆ ಸೇರಿದೆ. ಮನೆಗೆ ತಂದು ಸಾಕುವುದು, ಬಾವಿಗೆ ಬಿಡುವುದು ಅಪರಾಧ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಇಲ್ಲವೇ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯನ್ನು ಕೇಳಿ.

ಸೊಳ್ಳೆ, ಹಾವು, ಕೆಸರು

ಸೊಳ್ಳೆ ಮುಲಾಮು ಹಚ್ಚಿದ ಕೈ ಕಪ್ಪೆಗೆ ವಿಷ. ಅದರ ಚರ್ಮ ಉಸಿರಾಡುತ್ತದೆ, ತಾಗಿದ್ದನ್ನು ಹೀರಿಕೊಳ್ಳುತ್ತದೆ. ತುಂಬುತೋಳಿನ ಅಂಗಿ, ದಪ್ಪ ಪ್ಯಾಂಟ್ ತೊಟ್ಟು ಹೋಗಿ, ಮುಲಾಮು ಬಿಡಿ. ನೆಲಗಪ್ಪೆಯ ಕಣ್ಣಿನ ಹಿಂದಿನ ದಪ್ಪ ಗ್ರಂಥಿಗಳಿಂದ ಒಸರುವ ಬಿಳಿ ರಸ ನಿಮ್ಮ ಕಣ್ಣಿಗೆ ಹೋದರೆ ಉರಿ, ಜೊತೆಗೆ ಕರೆದೊಯ್ದ ನಾಯಿ ಅದನ್ನು ಕಚ್ಚಿದರೆ ಅಪಾಯ. ನಾಯಿಯನ್ನು ಮನೆಯಲ್ಲೇ ಬಿಡಿ.

ಕಪ್ಪೆ ಇದ್ದಲ್ಲಿಗೆ ಹಾವು ಊಟಕ್ಕೆ ಬರುತ್ತದೆ. ನೀರುಹಾವು ನಿರುಪದ್ರವಿ, ಆದರೆ ನಾಗರವೂ ಕೊಳಕುಮಂಡಲವೂ ಇದೇ ಸೈಟುಗಳಲ್ಲಿವೆ. ಮೊಣಕಾಲಿನವರೆಗಿನ ಗಮ್‌ಬೂಟ್ ಇಲ್ಲದೆ ಹುಲ್ಲಿಗೆ ಕಾಲಿಡಬೇಡಿ, ಮಲಗುವ ಮೊದಲು ಆ ಜಾಗದ ಸುತ್ತ ಟಾರ್ಚ್ ಬಿಡಿ, ಒಬ್ಬರೇ ಹೋಗಬೇಡಿ. ಬಹುತೇಕ ಕೆರೆಗಳ ಗೇಟು ಸಂಜೆ ಮುಚ್ಚುತ್ತದೆ, ಅದನ್ನು ಹಾರುವುದು ಬೇಡ. ಬನ್ನೇರುಘಟ್ಟದಂಥ ರಕ್ಷಿತ ಅರಣ್ಯಕ್ಕೆ ರಾತ್ರಿ ನುಗ್ಗುವ ಮಾತಂತೂ ಇಲ್ಲವೇ ಇಲ್ಲ.

ಚಿತ್ರ ತೆಗೆದ ಮೇಲೆ

ಪ್ರತಿ ಕಪ್ಪೆಯದೂ ಒಂದು ಅಂದದ ಚಿತ್ರದ ಜೊತೆ ಮೂರು ‘ಕಚೇರಿ ಚಿತ್ರ’ ತೆಗೆಯಿರಿ: ಪಕ್ಕದಿಂದ ಒಂದು, ಮೇಲಿನಿಂದ ಬೆನ್ನು ಕಾಣುವಂತೆ ಒಂದು, ಹಿಂಗಾಲಿನ ಪಾದ ಕಾಣುವಂತೆ ಒಂದು. ಬೆರಳುಗಳ ನಡುವಿನ ಜಾಲ ಎಷ್ಟಿದೆ, ನೆಲ ಅಗೆಯುವ ಗಟ್ಟಿ ಗಂಟು ಹಿಮ್ಮಡಿಯಲ್ಲಿ ಇದೆಯೇ ಎಂಬುದರ ಮೇಲೆ ಗುರುತು ನಿಲ್ಲುತ್ತದೆ. ಇವು ಸುಂದರವಾಗಿರಬೇಕಿಲ್ಲ. ಧ್ವನಿ, ದಿನಾಂಕ, ಮಳೆ ಬಂದ ಹೊತ್ತು ಸೇರಿಸಿ ಜೀವಿಗಳ ದಾಖಲೆ ಕೂಡಿಡುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ. ಮುಂದಿನ ವರ್ಷ ಆ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದಿರಬಹುದು, ಅಲ್ಲಿ ಏನಿತ್ತು ಎಂಬುದಕ್ಕೆ ಬೇರೆ ದಾಖಲೆ ಇರುವುದಿಲ್ಲ.

ಆಮೆಯ ಚಿತ್ರಕ್ಕೆ ಮಾತ್ರ ಸ್ಥಳ ಮುಚ್ಚಿಡಿ. ನಕ್ಷತ್ರ ಆಮೆಯ ಕಳ್ಳಸಾಗಣೆ ದೊಡ್ಡ ದಂಧೆ. ಆ ಕಾರಣಕ್ಕೇ 2019ರಲ್ಲಿ ಅದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ನಿಷೇಧ ಬಂದದ್ದು. ಮೊಬೈಲಿನಲ್ಲಿ ತೆಗೆದ ಚಿತ್ರದ ಒಳಗೇ ಅಕ್ಷಾಂಶ ರೇಖಾಂಶ ಅಡಗಿರುತ್ತವೆ, ಗುಂಪುಗಳಿಗೆ ಕಳಿಸುವ ಮೊದಲು ಚಿತ್ರದಿಂದ ಲೊಕೇಶನ್ ತೆಗೆದುಹಾಕಿ. ‘ಎಲ್ಲಿ ಸಿಕ್ಕಿತು ಸಾರ್’ ಎಂದು ಯಾರೇ ಕೇಳಿದರೂ ನನ್ನ ಉತ್ತರ ‘ಕರ್ನಾಟಕ’.

ಮನೆಗೆ ಬಂದೊಡನೆ ಬೂಟು, ಟ್ರೈಪಾಡಿನ ಕಾಲು, ಆ ಗೊಬ್ಬರದ ಚೀಲ ಎಲ್ಲವನ್ನೂ ಕೆಸರು ಹೋಗುವಂತೆ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ಕೊಂದ ಕೈಟ್ರಿಡ್ ಶಿಲೀಂಧ್ರ ಒದ್ದೆ ಕೆಸರಿನ ಜೊತೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡಬಲ್ಲದು, ಪೂರ್ತಿ ಒಣಗಿದರೆ ಉಳಿಯುವುದಿಲ್ಲ. ಮಳೆಗಾಲದಲ್ಲಿ ಬೂಟು ಒಣಗಲು ಎರಡು ದಿನವಾದರೂ ಬೇಕು. ಅಷ್ಟು ಕಾಯಲಾಗದವರು ಎರಡು ಜೊತೆ ಇಟ್ಟುಕೊಳ್ಳುವುದು ಮೇಲು.